ಬಾಟಲಿಯಲ್ಲಿ ಅಳೆದ ಮಳೆ, ಫೋನಿನಲ್ಲಿ ಕಂಡ ಮಳೆ

ಪ್ರಶ್ನೆ: 7ನೇ ತರಗತಿಯವರಿಗೆ ಇಂಟರ್‌ನೆಟ್ ನೋಡಿ ಮಳೆಯ ಬಗ್ಗೆ ಪ್ರಾಜೆಕ್ಟ್ ಮಾಡಿ ತರಲು ಹೇಳಿದೆ. ಇಪ್ಪತ್ತೆರಡು ಮಕ್ಕಳೂ ಅಕ್ಷರ ಬಿಡದೆ ಒಂದೇ ಪುಟ ಬರೆದು ತಂದಿದ್ದಾರೆ. ಇದರಲ್ಲಿ ಏನು ಕಲಿತ ಹಾಗಾಯಿತು?
– ಶಿಕ್ಷಕಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ತಪ್ಪು ಮಕ್ಕಳದಲ್ಲ ಮೇಡಂ, ಪ್ರಶ್ನೆಯದು. ರೆಡಿ ಉತ್ತರವಿರುವ ಪ್ರಶ್ನೆ ಕೊಟ್ಟರೆ ಯಾರಾದರೂ ನಕಲು ಹೊಡೆಯುತ್ತಾರೆ. ಪಾಠಟಿಪ್ಪಣಿ ಬರೆಯುವಾಗ ನಾವು ಮಾಡಿದ್ದೂ ಅದನ್ನೇ ಅಲ್ಲವೇ? ಮುಂದಿನ ಸಲ ಹೀಗೆ ಕೇಳಿ ನೋಡಿ: ‘ನಮ್ಮ ಶಾಲೆಯಂಗಳದ ಮಳೆಗೂ ಪಂಚಾಯಿತಿ ಮಳೆಮಾಪಕದ ಲೆಕ್ಕಕ್ಕೂ ಎಷ್ಟು ವ್ಯತ್ಯಾಸ, ಯಾಕೆ?’ ಇದಕ್ಕೆ ಗೂಗಲ್ ಬಳಿ ಉತ್ತರವಿಲ್ಲ.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇಟ್ಟಿದೆ. ಮಳೆಯ ಲೆಕ್ಕ ಅದರ ಜಾಲತಾಣದಲ್ಲಿ ಸಿಗುತ್ತದೆ. ಮಕ್ಕಳಿಗೆ ಬೇಕಾದದ್ದು ಎರಡು ಲೀಟರಿನ ಒಂದು ಬಾಟಲಿ, ಒಂದು ಸ್ಕೇಲು. ಬಾಟಲಿಯ ಕುತ್ತಿಗೆ ಕತ್ತರಿಸಿ, ತಲೆಕೆಳಗಾಗಿ ಅದರ ಬಾಯಿಗೇ ಕೂರಿಸಿದರೆ ಆಲಿಕೆಯಾಯಿತು. ತಳ ಉಬ್ಬುತಗ್ಗಾಗಿರುತ್ತದೆ, ಸಣ್ಣ ಕಲ್ಲು ಹಾಕಿ, ನೇರ ಗೋಡೆ ಶುರುವಾಗುವಲ್ಲಿಯವರೆಗೆ ನೀರು ತುಂಬಿ, ಅಲ್ಲಿ ಸೊನ್ನೆ ಗುರುತು ಮಾಡಿ. ಅಳೆಯುವುದು ಬೆಳಿಗ್ಗೆ ಎಂಟೂವರೆಗೆ, ಏಕೆಂದರೆ ಸರ್ಕಾರಿ ಲೆಕ್ಕದಲ್ಲಿ ಮಳೆಯ ದಿನ ಮುಗಿಯುವುದೇ ಆಗ. ಆ ಹೊತ್ತಿಗೆ ಶಾಲೆ ತೆರೆದಿರುವುದಿಲ್ಲವಾದ್ದರಿಂದ ಹತ್ತಿರದ ಮನೆಯ ಮಕ್ಕಳಿಗೆ ಪಾಳಿ ಹಾಕಿ. ಆಗುಂಬೆ, ಹುಲಿಕಲ್ ಕಡೆ ಒಂದೇ ದಿನ 200 ಮಿ.ಮೀ. ದಾಟುವುದುಂಟು. ಬಾಟಲಿ ತುಂಬಿ ಹರಿದರೆ ಲೆಕ್ಕ ಹೋಯಿತು. ಜೋರು ಮಳೆಯಲ್ಲಿ ಸಂಜೆಯೂ ಒಮ್ಮೆ ಅಳೆದು, ಸೊನ್ನೆ ಗುರುತಿನವರೆಗೆ ನೀರು ಚೆಲ್ಲಿ, ಆ ಅಳತೆಯನ್ನು ಮರುದಿನ ಬೆಳಗಿನದಕ್ಕೆ ಕೂಡಿಸಲಿ.

ಒಂದು ವರ್ಷ ನಮ್ಮ ಶಾಲೆಯ ಲೆಕ್ಕ ಪಂಚಾಯಿತಿಯದರ ದುಪ್ಪಟ್ಟು ಬರತೊಡಗಿತು. ಮಾಪಕವೇ ಕೆಟ್ಟಿರಬೇಕು ಎಂದು ನಾನು ಗತ್ತಿನಿಂದ ಹೇಳಿಬಿಟ್ಟಿದ್ದೆ. ಆರನೆಯ ತರಗತಿಯ ಹುಡುಗಿಯೊಬ್ಬಳು ಬಾಟಲಿಯ ಪಕ್ಕ ನಿಂತು ಮೇಲೆ ನೋಡಿ, ‘ಸಾರ್, ಸೂರಿನ ನೀರು ಬೀಳ್ತಾ ಇದೆ’ ಎಂದಳು. ಬಾಟಲಿ ಇಟ್ಟವನು ನಾನೇ. ಆಮೇಲೆ ಮಕ್ಕಳೇ ಅದನ್ನು ಅಂಗಳದ ನಡುವೆ ಇಟ್ಟರು. ವ್ಯತ್ಯಾಸ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಶಾಲೆಗೂ ಪಂಚಾಯಿತಿ ಮಾಪಕಕ್ಕೂ ನಡುವೆ ಗುಡ್ಡವಿದೆಯಲ್ಲ ಎಂಬ ಚರ್ಚೆ ಶುರುವಾದದ್ದು ಅಲ್ಲಿಂದ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮೂರಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಆನ್‌ಲೈನ್ ಪ್ರಾಜೆಕ್ಟ್ ಎಲ್ಲಿಂದ ಮಾಡಿಸೋಣ?
– ಶಿಕ್ಷಕ, ಹೊಸನಗರ ತಾಲ್ಲೂಕು

ಉತ್ತರ: ವಾರಕ್ಕೆ ಹತ್ತು ನಿಮಿಷ, ಒಂದೇ ಫೋನು ಸಾಕು. ಸೀಸನ್‌ವಾಚ್ ಎಂಬ ಯೋಜನೆಯಿದೆ. ಒಂದು ಮರ ಆರಿಸಿಕೊಂಡು ವಾರವಾರವೂ ಎಲೆ, ಹೂವು, ಕಾಯಿ ಇಲ್ಲವೇ, ಸ್ವಲ್ಪವೇ, ತುಂಬವೇ ಎಂದು ದಾಖಲಿಸುವುದು. ಕೇರಳದ ಶಾಲಾ ಮಕ್ಕಳು ಇದರಲ್ಲಿ ಬಹಳ ಮುಂದಿದ್ದಾರೆ. ನಿಮ್ಮ ಮಕ್ಕಳು ಶಾಲೆ ಹಿಂದಿನ ಹಲಸಿನ ಮರವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ನೀವು ಪೇಟೆಗೆ ಹೋದಾಗ ಏರಿಸಿ. ದೀಕ್ಷಾ ಆ್ಯಪಿನ ಪಾಠದ ವಿಡಿಯೊಗಳನ್ನೂ ಅಲ್ಲೇ ಇಳಿಸಿಕೊಳ್ಳಬಹುದು.

ಪ್ರಶ್ನೆ: 8ನೇ ತರಗತಿಯ ಮಗಳು ಅಡಿಕೆ ಕೊಳೆರೋಗದ ಮೇಲೆ ಪ್ರಾಜೆಕ್ಟ್ ಮಾಡುತ್ತೇನೆ ಎಂದು ಫೋನ್ ಬಿಡುವುದೇ ಇಲ್ಲ. ಮೂವತ್ತು ವರ್ಷದಿಂದ ಔಷಧಿ ಹೊಡೆಸುತ್ತಿರುವ ನನಗಿಂತ ಫೋನಿಗೆ ಹೆಚ್ಚು ಗೊತ್ತೇ?
– ಅಡಿಕೆ ಬೆಳೆಗಾರ, ಸಾಗರ ತಾಲ್ಲೂಕು

ಉತ್ತರ: ಕೆಲವು ಅದಕ್ಕೆ ಗೊತ್ತು, ಕೆಲವು ನಿಮಗೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಕೊಳೆರೋಗದ ಕಾರಣ ಹುಡುಕಿ, 1910ರಲ್ಲೇ ಬರೆದಿಟ್ಟರು. ಬೋರ್ಡೋ ಸಿಂಪಡಣೆ ನಮ್ಮ ತೋಟಗಳಿಗೆ ಬಂದದ್ದರಲ್ಲಿ ಅವರ ಪಾಲು ದೊಡ್ಡದು. ಇದನ್ನೆಲ್ಲ ಅವಳು ಫೋನಿನಲ್ಲಿ ಓದಲಿ. ಆದರೆ ಮಳೆ ತಾಗದಂತೆ ಅಡಿಕೆ ಗೊನೆಗೆ ಕೊಟ್ಟೆ ಕಟ್ಟುತ್ತಿದ್ದ ಕಾಲದ್ದನ್ನು ನಿಮ್ಮ ಮನೆಯ ಹಿರಿಯರನ್ನೇ ಕೇಳಬೇಕು.

ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂದು ನಿಮಗೆ ಬಾಯಿಪಾಠ. ದ್ರಾವಣಕ್ಕೆ ಕತ್ತಿ ಅದ್ದಿ ನೋಡುತ್ತೀರಲ್ಲ, ಅದು ಯಾಕೆ ಎಂದು ಅವಳಿಗೆ ಹೇಳಿದ್ದೀರಾ? ಸುಣ್ಣ ಕಡಿಮೆಯಾದರೆ ಮೈಲುತುತ್ತದ ತಾಮ್ರ ಕಬ್ಬಿಣಕ್ಕೆ ಹತ್ತಿ ಕತ್ತಿ ಕೆಂಪಾಗುತ್ತದೆ. ಹಾಗೇ ಹೊಡೆದರೆ ಹೀಚು ಸುಡುತ್ತದೆ. ಇದು ಅವಳ ರಸಾಯನ ವಿಜ್ಞಾನದ ಪಾಠವೇ. ಒಂದು ಹಳೆಯ ಪ್ಲಾಸ್ಟಿಕ್ ಮಗ್ಗಿನಲ್ಲಿ ಅವಳಿಗಾಗಿ ಸುಣ್ಣ ಬೆರೆಸುವ ಮೊದಲೇ ಸ್ವಲ್ಪ ಮೈಲುತುತ್ತದ ದ್ರಾವಣ ಎತ್ತಿಡಿ, ಕೈಗೆ ಗ್ಲೌಸ್ ಕೊಡಿ, ಸುಣ್ಣವನ್ನು ಚಮಚ ಚಮಚವಾಗಿ ಹಾಕಿಸಿ, ಪ್ರತಿ ಸಲವೂ ಮೊಳೆ ಅದ್ದಿಸಿ. ಫೋಟೊ ಹೊಡೆಯಲು ಹೇಗೂ ಫೋನು ಬೇಕೇ ಬೇಕು.