ಮನೆಯ ಲ್ಯಾಪ್‌ಟಾಪಿನಲ್ಲಿ ಹಾಡು ರೆಕಾರ್ಡ್ ಮಾಡುವುದು ಹೇಗೆ?

ಈ ಸಲದ ವಾರ್ಷಿಕೋತ್ಸವದಲ್ಲಿ ನಮ್ಮ ತರಗತಿಯ ಮೂವರು ಗೆಳತಿಯರ ಸ್ವಾಗತ ಗೀತೆಯನ್ನು ಸ್ಪೀಕರಿನಲ್ಲಿ ಹಾಕಿದ್ದು ನಿಮಗೆ ನೆನಪಿರಬಹುದು. ಆಮೇಲೆ ಎಷ್ಟೋ ಜನ "ಯಾವ ಸ್ಟುಡಿಯೋದಲ್ಲಿ ಮಾಡಿಸಿದ್ರಿ?" ಎಂದು ಕೇಳಿದರು. ಸ್ಟುಡಿಯೋ ಇರಲಿಲ್ಲ. ನಮ್ಮ ಮನೆಯ ಒಳಕೋಣೆ, ಭಾಯಿಜಾನ್ ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪ್, ಏಳುನೂರು ರೂಪಾಯಿಯ ಯುಎಸ್‌ಬಿ ಕಾಲರ್ ಮೈಕ್ ಮತ್ತು ನಾಲ್ಕು ಕೌದಿ, ಇಷ್ಟೇ ಇದ್ದದ್ದು. ಇದನ್ನು ಕೇಳಿದ ಕನ್ನಡ ಮೇಡಂ "ಹಾಗಾದರೆ ಎಲ್ಲರಿಗೂ ತಿಳಿಯುವಂತೆ ಬರೆದು ಕೊಡು" ಎಂದರು. ನಮ್ಮ ಮನೆಯಲ್ಲಿ ಉರ್ದು ಮಾತಾಡುತ್ತೇವೆ. ಕನ್ನಡದಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಾನು ಇದನ್ನು ಕಲಿತದ್ದು ಒಂದು ದೊಡ್ಡ ತಪ್ಪಿನಿಂದ. ಅದನ್ನೇ ಮೊದಲು ಹೇಳುತ್ತೇನೆ.

ನಮ್ಮ ನಾನಿ, ಅಂದರೆ ಅಮ್ಮಿಯ ತಾಯಿ, ಮದುವೆ ಮನೆಗಳಲ್ಲಿ ಹೆಂಗಸರ ನಡುವೆ ಕೂತು ಢೋಲಕ್ ಮೇಲೆ ಹಾಡು ಹೇಳುವವರು. ಅವರ ಹಾಡುಗಳು ಯಾವ ಪುಸ್ತಕದಲ್ಲೂ ಇಲ್ಲ. ಅವರ ತಾಯಿಯಿಂದ ಬಂದವು. ಹೋದ ವರ್ಷ ಬಕ್ರೀದಿಗೆ ಅವರು ಬಂದಾಗ ಲ್ಯಾಪ್‌ಟಾಪ್ ಮುಂದಿಟ್ಟು ಹಾಡಿಸಿದೆ. ದನಿ ಜೋರಾಗಿ ಬರಲಿ ಎಂದು ಮೈಕಿನ ಮಟ್ಟವನ್ನು 100ಕ್ಕೆ ಏರಿಸಿದ್ದೆ. ಫ್ಯಾನ್ ತಿರುಗುತ್ತಿತ್ತು, ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿತ್ತು. ಹಾಡಿ ಮುಗಿದ ಮೇಲೆ ಕೇಳಿಸಿದೆ. ನಾನಿ ನಕ್ಕು, "ಇದು ನನ್ನ ದನಿ ಅಲ್ಲ ಬೇಟಾ, ಯಾರೋ ತಗಡು ಉಜ್ಜುತ್ತಿದ್ದಾರೆ" ಎಂದರು. ನಾವೂ ನಕ್ಕೆವು. ಮುಂದಿನ ಸಲ ಬಂದಾಗ ಮಾಡೋಣ ಬಿಡಿ ಎಂದೆ.

ಮುಂದಿನ ಸಲ ಏನಾಯಿತು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಈಗ ಪಾಠಕ್ಕೆ ಬರೋಣ.

1. ಮೊದಲು ಕೋಣೆ, ಆಮೇಲೆ ಖರೀದಿ

ಹೊಸಬರೆಲ್ಲ ಮೊದಲು ಮೈಕಿನ ಬೆಲೆ ನೋಡುತ್ತಾರೆ. ನಾನೂ ನೋಡಿದ್ದೆ. ಆದರೆ ಖಾಲಿ ಗೋಡೆಗಳ ಕೋಣೆಯಲ್ಲಿ ಒಳ್ಳೆಯ ಮೈಕ್ ಇಟ್ಟರೆ ಅದು ಆ ಕೋಣೆಯ ಪ್ರತಿಧ್ವನಿಯನ್ನು ಇನ್ನೂ ಸ್ಪಷ್ಟವಾಗಿ ಹಿಡಿಯುತ್ತದೆ. ಗಟ್ಟಿ ಗೋಡೆಗೆ ತಾಗಿದ ದನಿ ತಿರುಗಿ ಬರುತ್ತದೆ. ಮೆತ್ತಗಿನ ಬಟ್ಟೆ ಅದನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ಹಾಡುವವರ ಬೆನ್ನ ಹಿಂದೆ ಮತ್ತು ಎರಡು ಬದಿಗೆ ಹಗ್ಗ ಕಟ್ಟಿ ದಪ್ಪ ಕೌದಿಗಳನ್ನು ತೂಗುಹಾಕಿ. ಕೆಳಗೆ ಚಾಪೆ ಅಥವಾ ಜಮಖಾನೆ ಹಾಸಿ. ಕೋಣೆಯಲ್ಲಿ ನಿಂತು ಒಂದು ಚಪ್ಪಾಳೆ ಹೊಡೆಯಿರಿ. "ಟಣ್" ಎಂಬ ಬಾಲ ಕೇಳಿಸಿದರೆ ಇನ್ನೊಂದು ಕೌದಿ ಬೇಕು ಎಂದರ್ಥ.

ಫ್ಯಾನ್ ಆರಿಸಿ. ಫ್ರಿಜ್ ಹತ್ತಿರವಿದ್ದರೆ ಅರ್ಧ ಗಂಟೆ ಬಂದ್ ಮಾಡಿ, ಆದರೆ ಮತ್ತೆ ಹಾಕಲು ಮರೆಯಬೇಡಿ. ನಾನು ಮರೆತು ಅಮ್ಮಿಯಿಂದ ಬೈಸಿಕೊಂಡಿದ್ದೇನೆ. ನಮ್ಮ ಓಣಿಯಲ್ಲಿ ಹಗಲೆಲ್ಲ ಆಟೋ, ತರಕಾರಿ ಗಾಡಿಗಳ ಸದ್ದು. ಹಾಗಾಗಿ ನಾವು ಇಶಾ ನಮಾಜ್ ಮುಗಿದು ಓಣಿ ಮಲಗಿದ ಮೇಲೆ ರೆಕಾರ್ಡ್ ಮಾಡುತ್ತೇವೆ.

2. ಮೈಕ್ ಎಲ್ಲಿಡಬೇಕು?

ಲ್ಯಾಪ್‌ಟಾಪಿನ ಒಳಗಿನ ಮೈಕ್ ಬೇಡ. ಅದು ಯಂತ್ರದ ಪುಟ್ಟ ಫ್ಯಾನಿನ ಸದ್ದನ್ನೂ ಕೀಲಿ ಒತ್ತುವ ಸದ್ದನ್ನೂ ಹಾಡಿನ ಜೊತೆಗೇ ಹಿಡಿಯುತ್ತದೆ. ಕೈಯಲ್ಲಿ ದುಡ್ಡಿಲ್ಲದಿದ್ದರೆ ಮೊಬೈಲಿನ ವೈರ್ ಇಯರ್‌ಫೋನಿನ ಮೈಕೇ ಸಾಕು. ಹೊಸ ಲ್ಯಾಪ್‌ಟಾಪುಗಳಲ್ಲಿ ಅದಕ್ಕೆ ಒಂದೇ ತೂತು ಇರುತ್ತದೆ. ಹಳೆಯದರಲ್ಲಿ ಮೈಕಿಗೊಂದು, ಕೇಳುವುದಕ್ಕೊಂದು ಎಂದು ಎರಡಿದ್ದರೆ ನಡುವೆ ಸ್ಪ್ಲಿಟರ್ ಬೇಕು. ಯುಎಸ್‌ಬಿ ಮೈಕಿಗೆ ಈ ತೊಂದರೆ ಇಲ್ಲ, ಏಕೆಂದರೆ ದನಿಯನ್ನು ಅಂಕಿಗಳಾಗಿ ಬದಲಿಸುವ ಚಿಪ್ ಅದರೊಳಗೇ ಇರುತ್ತದೆ. ಸ್ಟುಡಿಯೋಗಳಲ್ಲಿ ಕಾಣುವ ದೊಡ್ಡ ಕಂಡೆನ್ಸರ್ ಮೈಕುಗಳಿಗೆ ಸಾಮಾನ್ಯವಾಗಿ 48 ವೋಲ್ಟ್ ಕೊಡುವ ಆಡಿಯೋ ಇಂಟರ್‌ಫೇಸ್ ಎಂಬ ಬೇರೆ ಪೆಟ್ಟಿಗೆಯೂ ಬೇಕು. ಅದು ಬಂಡವಾಳ ವೆಚ್ಚ. ಮೊದಲ ವರ್ಷ ಅದರ ಗೊಡವೆ ಬೇಡ.

ಮೈಕ್ ಬಾಯಿಯಿಂದ ಒಂದು ಗೇಣು ದೂರದಲ್ಲಿರಲಿ. ನೇರ ಎದುರಿಗೆ ಬೇಡ, ತುಸು ಓರೆಯಾಗಿರಲಿ. "ಪ", "ಫ", "ಭ" ಹೇಳುವಾಗ ಬಾಯಿಂದ ಗಾಳಿ ನುಗ್ಗುತ್ತದೆ. ಅದು ನೇರವಾಗಿ ಮೈಕಿಗೆ ಬಡಿದರೆ "ದಬ್" ಎನ್ನುತ್ತದೆ. ಅಂಗೈಯನ್ನು ಬಾಯಿಯೆದುರು ಹಿಡಿದು "ಫೂಲ್" ಎಂದು ಹೇಳಿ ನೋಡಿ, ಗೊತ್ತಾಗುತ್ತದೆ. ಲ್ಯಾಪ್‌ಟಾಪ್ ಮೈಕಿನಿಂದ ಎಷ್ಟು ದೂರವಿದ್ದರೆ ಅಷ್ಟು ಒಳ್ಳೆಯದು.

3. ಲ್ಯಾಪ್‌ಟಾಪನ್ನು ಸಿದ್ಧಪಡಿಸುವುದು

ನಾನು ಬಳಸುವ ತಂತ್ರಾಂಶ ಆಡಾಸಿಟಿ. 2000ನೇ ಇಸವಿಯಿಂದ ಉಚಿತವಾಗಿ ಸಿಗುತ್ತಿದೆ. 4 ಜಿಬಿ ರ‍್ಯಾಮ್ ಇರುವ ನಮ್ಮ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ. ಅದನ್ನು ತೆರೆಯುವ ಮೊದಲು ವಿಂಡೋಸಿನಲ್ಲಿ ಈ ಕೆಲಸಗಳನ್ನು ಮಾಡಿಕೊಳ್ಳಿ.

ಒಂದು, ಸೆಟ್ಟಿಂಗ್ಸ್‌ನ ಪ್ರೈವೆಸಿ ಭಾಗದಲ್ಲಿ ಮೈಕ್ರೊಫೋನ್ ಬಳಸಲು ಅನುಮತಿ ಇದೆಯೇ ನೋಡಿ. ಇಲ್ಲದಿದ್ದರೆ ಮೈಕ್ ಕೆಟ್ಟಿದೆ ಎಂದು ಅಂಗಡಿಗೆ ಅಲೆಯುತ್ತೀರಿ.

ಎರಡು, ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಮೈಕಿನ "ಎನ್ಹಾನ್ಸ್‌ಮೆಂಟ್ಸ್" ಆಫ್ ಮಾಡಿ. ಇದು ಫೋನ್ ಮಾತುಕತೆಗೆಂದು ಇರುವ ಸೌಲಭ್ಯ. ಮಾತಲ್ಲದ್ದೆಲ್ಲ ಗದ್ದಲ ಎಂದು ತಿಳಿದು, ಎಳೆದು ಹಾಡಿದ ಸ್ವರದ ಕೊನೆಯನ್ನೂ ಢೋಲಕಿನ ಗುಂಗನ್ನೂ ಕತ್ತರಿಸಿಬಿಡುತ್ತದೆ.

ಮೂರು, ವೈಫೈ ಬಂದ್ ಮಾಡಿ, ಬ್ರೌಸರ್ ಮುಚ್ಚಿ. ಹಿನ್ನೆಲೆಯಲ್ಲಿ ಅಪ್‌ಡೇಟ್ ಶುರುವಾದರೆ ಹಳೆಯ ಯಂತ್ರ ತಡವರಿಸುತ್ತದೆ, ದನಿಯಲ್ಲಿ "ಟಿಕ್ ಟಿಕ್" ಸೇರಿಕೊಳ್ಳುತ್ತದೆ.

ನಾಲ್ಕು, ಬ್ಯಾಟರಿ ಪೂರ್ತಿ ತುಂಬಿಸಿ ಚಾರ್ಜರ್ ಕಿತ್ತುಬಿಡಿ. ಎಷ್ಟೋ ಮನೆಗಳಲ್ಲಿ "ಗುಂಯ್" ಎಂಬ ಸದ್ದು ಚಾರ್ಜರಿನಿಂದಲೇ ಬರುತ್ತಿರುತ್ತದೆ.

ಐದು, ಮೈಕ್ ಚುಚ್ಚಿದ ಮೇಲೆಯೇ ಆಡಾಸಿಟಿ ತೆರೆಯಿರಿ. ಮೊದಲೇ ತೆರೆದಿದ್ದರೆ ಅದಕ್ಕೆ ಹೊಸ ಮೈಕ್ ಕಾಣದಿರಬಹುದು. ಹಾಗಾದರೆ ಮುಚ್ಚಿ ಮತ್ತೆ ತೆರೆಯಿರಿ.

4. 44,100 ಎಂದರೇನು?

ಆಡಾಸಿಟಿಯಲ್ಲಿ ಪ್ರಾಜೆಕ್ಟ್ ರೇಟ್ 44100 ಹರ್ಟ್ಜ್ ಇರಲಿ, ಚಾನೆಲ್ ಮೊನೊ ಇರಲಿ. ಒಂದೇ ಮೈಕ್ ಇರುವಾಗ ಸ್ಟೀರಿಯೋದಿಂದ ಲಾಭವಿಲ್ಲ, ಜಾಗ ಮಾತ್ರ ಎರಡು ಪಟ್ಟು ಹೋಗುತ್ತದೆ. ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ ಕೇಳಿಸುತ್ತದೆ. ಒಂದು ಕಂಪನವನ್ನು ಸರಿಯಾಗಿ ಹಿಡಿಯಲು ಅದರ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆಯಬೇಕು. ಅದಕ್ಕೇ 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಗಳಲ್ಲಿ ಸೆಕೆಂಡಿಗೆ 44,100 ಅಳತೆ ಎಂದು ಇಟ್ಟರು.

ಈಗ ನಮ್ಮ ವಿಭಾಗದ ಲೆಕ್ಕ. ಆಡಾಸಿಟಿ ಸಾಮಾನ್ಯವಾಗಿ ಪ್ರತಿ ಅಳತೆಗೆ 32 ಬಿಟ್, ಅಂದರೆ 4 ಬೈಟ್ ಬಳಸುತ್ತದೆ. 44,100 × 4 × 60 = 1,05,84,000 ಬೈಟ್. ನಿಮಿಷಕ್ಕೆ ಸುಮಾರು 10.6 ಎಂಬಿ, ಗಂಟೆಗೆ ಸುಮಾರು 635 ಎಂಬಿ. ಡಿಸ್ಕಿನಲ್ಲಿ 5 ಜಿಬಿ ಖಾಲಿ ಇಲ್ಲದೆ ಹಾಡಲು ಯಾರನ್ನೂ ಕೂರಿಸಬೇಡಿ.

5. ಎಲ್ಲಕ್ಕಿಂತ ಮುಖ್ಯ: ಮಟ್ಟ

ನಾನು ತಪ್ಪಿದ್ದು ಇಲ್ಲಿಯೇ. ಆಡಾಸಿಟಿಯ ಮೀಟರಿನಲ್ಲಿ 0 ಎಂಬುದು ಸೂರು. ಅದರ ಮೇಲೆ ಜಾಗವಿಲ್ಲ. ನಮ್ಮಂಥ ಸಾಧಾರಣ 16 ಬಿಟ್ ಮೈಕಿನಲ್ಲಿ ಅತಿ ದೊಡ್ಡ ಅಂಕಿ 32,767. ದನಿ ಅದಕ್ಕಿಂತ ಎಷ್ಟೇ ಮೇಲೆ ಹೋದರೂ ಬರೆದುಕೊಳ್ಳುವುದು 32,767 ಎಂದೇ. ಗುಡ್ಡದಂತೆ ಏರಿ ಇಳಿಯಬೇಕಾದ ಅಲೆಯ ತಲೆ ಸಪಾಟಾಗುತ್ತದೆ. ಇದಕ್ಕೆ ಕ್ಲಿಪ್ಪಿಂಗ್ ಎನ್ನುತ್ತಾರೆ. ನಾನಿ ಹೇಳಿದ "ತಗಡು ಉಜ್ಜುವ ಸದ್ದು" ಇದೇ. ತಂತ್ರಾಂಶ 32 ಬಿಟ್ ಆಗಿದ್ದರೂ ಮೈಕಿನಲ್ಲೇ ಕತ್ತರಿಸಿಹೋದದ್ದು ತಿರುಗಿ ಬರುವುದಿಲ್ಲ.

ಮೆಲ್ಲಗೆ ರೆಕಾರ್ಡ್ ಆದ ದನಿಯನ್ನು ಆಮೇಲೆ ಏರಿಸಬಹುದು. ಕತ್ತರಿಸಿಹೋದದ್ದನ್ನು ಸರಿಪಡಿಸಲು "ಕ್ಲಿಪ್ ಫಿಕ್ಸ್" ಎಂಬ ಆಯ್ಕೆ ಇದೆ, ಆದರೆ ಅದು ಊಹಿಸಿ ತುಂಬುತ್ತದೆ ಅಷ್ಟೆ. ಲೆಕ್ಕಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಮೆಲ್ಲಗಿನ ದನಿ ಬರಬೇಕಾದ ಬಾಕಿ. ಕ್ಲಿಪ್ಪಾದ ದನಿ ವಸೂಲಾಗದ ಸಾಲ.

ಆದ್ದರಿಂದ ಹಾಡಿನ ಅತಿ ಜೋರಾದ ಸಾಲನ್ನು ಮೊದಲು ಹಾಡಿಸಿ ನೋಡಿ. ಆಗ ಮೀಟರ್ ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ನಡುವೆ ಇರುವಂತೆ ಮಟ್ಟ ಇಳಿಸಿ. ಯಾರೇ ಆಗಲಿ, ಪರೀಕ್ಷೆಗೆಂದು ಹಾಡುವುದಕ್ಕಿಂತ ನಿಜವಾಗಿ ಹಾಡುವಾಗ ಹೆಚ್ಚು ಜೋರಾಗಿ ಹಾಡುತ್ತಾರೆ. ಆ ಜಾಗ ಬಿಟ್ಟಿರಬೇಕು.

6. ಹೆಸರು ಹೇಳಿ ಶುರುಮಾಡಿ

1902ರಲ್ಲಿ ಕಲ್ಕತ್ತಾದ ಒಂದು ಹೋಟೆಲಿನ ಕೋಣೆಯನ್ನೇ ಸ್ಟುಡಿಯೋ ಮಾಡಿಕೊಂಡು ಗ್ರಾಮಫೋನ್ ಕಂಪನಿಯವರು ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿದರು. ಮೈಕ್ ಇಲ್ಲದ ಕಾಲ. ದೊಡ್ಡ ಕೊಂಬಿನಂಥ ಕೊಳವೆಯೊಳಗೆ ಹಾಡಬೇಕಿತ್ತು, ಸುಮಾರು ಮೂರು ನಿಮಿಷದಲ್ಲಿ ಮುಗಿಸಬೇಕಿತ್ತು. ಹಾಡಿನ ಕೊನೆಯಲ್ಲಿ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಿದ್ದರು. ತಟ್ಟೆಗಳು ತಯಾರಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯವರಿಗೆ ಇದು ಯಾರ ಹಾಡು ಎಂದು ತಿಳಿಯಬೇಕಲ್ಲ! ಅವರು ಕೊನೆಗಾಲದಲ್ಲಿ ನಮ್ಮ ಮೈಸೂರಿಗೆ ಬಂದು ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿದ್ದು, 1930ರಲ್ಲಿ ಅಲ್ಲಿಯೇ ತೀರಿಕೊಂಡರು.

ಈ ಪದ್ಧತಿಯನ್ನು ನಾವೂ ಪಾಲಿಸಬಹುದು. ರೆಕಾರ್ಡ್ ಗುಂಡಿ ಒತ್ತಿದ ಮೇಲೆ ಹಾಡುವವರ ಹೆಸರು, ಹಾಡಿನ ಹೆಸರು, ತಾರೀಖು ಹೇಳಿ. ಫೈಲಿನ ಹೆಸರು ಬದಲಾದರೂ ದನಿಯೊಳಗಿನ ಹೆಸರು ಹೋಗುವುದಿಲ್ಲ. ನಂತರ ಐದು ಸೆಕೆಂಡು ಎಲ್ಲರೂ ಸುಮ್ಮನಿರಿ. ಆ ಮೌನದಲ್ಲಿ ಕೋಣೆಯ ಗುಂಯ್‌ಗುಡುವಿಕೆ ಮಾತ್ರ ಇರುತ್ತದೆ. "ನಾಯ್ಸ್ ರಿಡಕ್ಷನ್" ಆಯ್ಕೆಗೆ ಆ ತುಣುಕನ್ನು ತೋರಿಸಿದರೆ ಉಳಿದ ಕಡೆಯಿಂದಲೂ ಅಂಥದ್ದೇ ಸದ್ದನ್ನು ತಗ್ಗಿಸುತ್ತದೆ. 6 ಡೆಸಿಬಲ್‌ನಿಂದ ಶುರುಮಾಡಿ. ಅತಿಯಾದರೆ ನೀರಿನೊಳಗಿಂದ ಹಾಡಿದಂತೆ ಕೇಳಿಸುತ್ತದೆ.

7. ಹಾಡಿನ ಮೇಲೆ ತಾಳ ಸೇರಿಸುವಾಗ

ಮೊದಲ ಟ್ರ್ಯಾಕಿನ ಹಾಡನ್ನು ಕೇಳುತ್ತಾ ಎರಡನೆಯದರಲ್ಲಿ ಢೋಲಕ್ ನುಡಿಸಬಹುದು. ಹೊಸ ಟ್ರ್ಯಾಕಿಗೆ ಶಿಫ್ಟ್ ಹಿಡಿದು ಆರ್ ಒತ್ತಬೇಕು. ಆಗ ವೈರ್ ಇರುವ ಇಯರ್‌ಫೋನ್ ಕಡ್ಡಾಯ. ಸ್ಪೀಕರ್ ಹಾಕಿದರೆ ಹಳೆಯ ಹಾಡು ಮತ್ತೆ ಮೈಕಿಗೆ ಹೋಗುತ್ತದೆ. ಬ್ಲೂಟೂತ್ ಹಾಕಿದರೆ ದನಿ ತಡವಾಗಿ ಕಿವಿಗೆ ಬಂದು ತಾಳ ಹಿಂದೆ ಬೀಳುತ್ತದೆ.

ವೈರ್ ಇದ್ದರೂ ಸ್ವಲ್ಪ ತಡ ಇದ್ದೇ ಇರುತ್ತದೆ. ಲ್ಯಾಪ್‌ಟಾಪ್ ದನಿಯನ್ನು ಬುಟ್ಟಿ ಬುಟ್ಟಿಯಾಗಿ ಸಾಗಿಸುತ್ತದೆ. ಒಂದು ಬುಟ್ಟಿಯಲ್ಲಿ 1,024 ಅಳತೆಗಳಿದ್ದರೆ ಅದು ತುಂಬಲು 1,024 ÷ 44,100, ಅಂದರೆ ಸುಮಾರು 23 ಮಿಲಿಸೆಕೆಂಡು ಬೇಕು. 256 ಇದ್ದರೆ 6ಕ್ಕಿಂತ ಕಡಿಮೆ ಸಾಕು. ಆದರೆ ಬುಟ್ಟಿ ತೀರಾ ಚಿಕ್ಕದಾದರೆ ಹಳೆಯ ಯಂತ್ರಕ್ಕೆ ಓಡಾಟ ಹೆಚ್ಚಾಗಿ ದನಿ ತುಂಡಾಗುತ್ತದೆ. ಸುಲಭದ ದಾರಿ ಎಂದರೆ ಮೊದಲ ಹಾಡಿನ ಆರಂಭದಲ್ಲೇ ಒಂದು ಚಪ್ಪಾಳೆ ಹೊಡೆಯುವುದು. ಎರಡನೆಯ ಟ್ರ್ಯಾಕಿನಲ್ಲಿ ಅದನ್ನು ಕೇಳಿಸಿಕೊಳ್ಳುತ್ತಾ ಇಯರ್‌ಫೋನನ್ನು ಮೈಕಿಗೆ ಹಿಡಿಯಿರಿ. ಎರಡು ಚಪ್ಪಾಳೆಗಳ ಚಿತ್ರವನ್ನು ದೊಡ್ಡದು ಮಾಡಿ ನೋಡಿ, ಟ್ರ್ಯಾಕನ್ನು ಅಷ್ಟು ಸರಿಸಿದರೆ ಆಯಿತು.

8. ಉಳಿಸುವುದು, ಹಂಚುವುದು

ಮೂಲವನ್ನು ಡಬ್ಲ್ಯುಎವಿ ರೂಪದಲ್ಲಿ ಉಳಿಸಿ, ಅದನ್ನು ಮುಟ್ಟಬೇಡಿ. ತಿದ್ದುವುದೇನಿದ್ದರೂ ಅದರ ಪ್ರತಿಯ ಮೇಲೆ. ಕಳಿಸಲು ಎಂಪಿ3 ಸಾಕು. ಲ್ಯಾಪ್‌ಟಾಪ್, ಪೆನ್‌ಡ್ರೈವ್, ಇನ್ನೊಬ್ಬರ ಮನೆ ಹೀಗೆ ಮೂರು ಕಡೆ ಇರಲಿ. ಒಂದೇ ಪ್ರತಿ ಇದ್ದರೆ ಇಲ್ಲ ಎಂದೇ ತಿಳಿಯಿರಿ.

ಮತ್ತೊಂದು ಮಾತು. ಹಾಡಿದವರನ್ನು ಕೇಳದೆ ಯಾರ ದನಿಯನ್ನೂ ಯಾರಿಗೂ ಕಳಿಸಬೇಡಿ. "ಮನೆಯವರು ಕೇಳಲಿ, ಊರವರ ಮೊಬೈಲಿಗೆ ಬೇಡ" ಎಂದು ನಾನಿ ಹೇಳಿದ್ದಾರೆ. ಅದಕ್ಕೇ ಗೆಳತಿಯರು ಎಷ್ಟು ಕೇಳಿದರೂ ನಾನು ಕೊಟ್ಟಿಲ್ಲ.

ಮುಂದಿನ ಸಲ ಏನಾಯಿತು?

ಚಳಿಗಾಲದಲ್ಲಿ ನಾನಿ ಮತ್ತೆ ಬಂದರು. ನಡುವೆ ಅವರು ಅಂಗಳದಲ್ಲಿ ಬಿದ್ದು ಎರಡು ತಿಂಗಳು ಹಾಸಿಗೆಯಲ್ಲಿದ್ದರು. ಉಸಿರು ಮೊದಲಿನಷ್ಟು ಉದ್ದ ಇರಲಿಲ್ಲ. ಕೌದಿ ಕಟ್ಟಿದೆ, ಫ್ಯಾನ್ ಆರಿಸಿದೆ, ಮಟ್ಟ ಇಳಿಸಿದೆ. ಎರಡು ರಾತ್ರಿ ಕೂತು ಐದು ಹಾಡು ಹೇಳಿದರು. ಒಂದೊಂದು ಮಾತೂ ಸ್ವಚ್ಛವಾಗಿ ಬಂದಿದೆ. ಕೇಳಿಸಿದಾಗ "ಹೌದು, ಇದು ನಾನು" ಎಂದರು.

ಆದರೆ ಬಕ್ರೀದಿಗೆ ಹಾಡಿದ್ದ ಆ ಹಾಡಿನ ಕೊನೆಯ ಎರಡು ನುಡಿ ಅವರಿಗೆ ನೆನಪಾಗಲಿಲ್ಲ. ಕಣ್ಣು ಮುಚ್ಚಿ ಕೂತರು, ಢೋಲಕ್ ಮೇಲೆ ಬೆರಳಾಡಿಸಿದರು, ಅಮ್ಮಿ ಒಂದೆರಡು ಪದ ಎತ್ತಿಕೊಟ್ಟರು. ಬರಲಿಲ್ಲ. ಈಗ ಆ ಎರಡು ನುಡಿ ಇರುವುದು ನಾನು ಹಾಳುಮಾಡಿದ ಫೈಲಿನಲ್ಲಿ ಮಾತ್ರ. ಕುಕ್ಕರ್ ಸೀಟಿಯ ನಡುವೆ, ಹರಿದ ದನಿಯಲ್ಲಿ. ನಾನೂ ಅಮ್ಮಿಯೂ ಅದನ್ನು ಮತ್ತೆ ಮತ್ತೆ ಹಾಕಿ ಪದಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆವು. ಮೂರು ಪದ ಈಗಲೂ ಗೊತ್ತಾಗಿಲ್ಲ. ಅಲ್ಲಿ ಖಾಲಿ ಜಾಗ ಬಿಟ್ಟಿದ್ದೇವೆ.

ಆ ಕೆಟ್ಟ ಫೈಲನ್ನು ನಾನು ಅಳಿಸಿಲ್ಲ, ನೀವೂ ನಿಮ್ಮದನ್ನು ಅಳಿಸಬೇಡಿ. ನಿಮ್ಮ ಮನೆಯಲ್ಲೂ ಹಾಡುವವರು, ಕಥೆ ಹೇಳುವವರು ಇದ್ದೇ ಇರುತ್ತಾರೆ. ದೊಡ್ಡ ಮೈಕ್ ಬರಲಿ ಎಂದು ಕಾಯಬೇಡಿ. ಈ ರಜೆಯಲ್ಲೇ ಒಂದು ರಾತ್ರಿ ಫ್ಯಾನ್ ಆರಿಸಿ ಅವರ ಎದುರು ಕೂತುಕೊಳ್ಳಿ. ಮೀಟರ್ ಕಡೆಗೆ ಮಾತ್ರ ಒಂದು ಕಣ್ಣಿರಲಿ.

ಸಹಾಯ ಬೇಕಾದರೆ ಮಧ್ಯಾಹ್ನದ ಬಿಡುವಿನಲ್ಲಿ ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ಕೊಠಡಿಗೆ ಬನ್ನಿ. ಗೊತ್ತಿದ್ದಷ್ಟು ಹೇಳಿಕೊಡುತ್ತೇನೆ.