ಮುಖಕ್ಕೆ ಕಟ್ಟುವ ಟವೆಲ್

ತಮ್ಮಾ, ಮಸರಕಲ್ ಬಿಟ್ಟು ರಾಯಚೂರಿನ ಗೋದಾಮಿಗೆ ಹಮಾಲಿಗೆ ಹೊರಟಿದ್ದೀಯಂತೆ, ನಿಮ್ಮವ್ವ ಹೇಳಿದರು. ಚೀಲ ಹೊರುವುದನ್ನು ನಿನ್ನ ಹೆಗಲೇ ಕಲಿಯುತ್ತದೆ. ನನ್ನ ಚಿಂತೆ ಧೂಳಿನದು.

ಕಣದಲ್ಲಿ ಜೋಳದ ಸುಂಕು ಮೈಗೆ ಹತ್ತಿದರೆ ತುರಿಸುತ್ತಿತ್ತು, ಹಳ್ಳದಲ್ಲಿ ಮಿಂದರೆ ಹೋಗುತ್ತಿತ್ತು. ಗೋದಾಮಿನಲ್ಲಿ ಹುಳ ಬೀಳದಿರಲೆಂದು ಗೋಡೆಗೂ ಒಟ್ಟಿದ ಚೀಲಗಳಿಗೂ ಮೆಲಾಥಿಯಾನ್ ಹೊಡೆಯುತ್ತಾರೆ, 1 ಪಾಲಿಗೆ 100 ಪಾಲು ನೀರು ಬೆರೆಸಿ. ಎಣ್ಣೆ, ಎಣ್ಣೆ ಅಂತ ಕರೆದು ಕರೆದು ಅದು ವಿಷ ಎನ್ನುವುದೇ ನಮಗೆ ಮರೆತಿದೆ. ಕಾಳಿಗೆ ತಾಗಿದ ವಿಷ ಬಹುಪಾಲು ಸಿಪ್ಪೆಯ ಮೇಲೆಯೇ ಕೂತಿರುತ್ತದೆ. ಚೀಲ ಎತ್ತಿ ಒಗೆದಾಗ, ಕಾಳಿಗೆ ಕಾಳು ಉಜ್ಜಿದಾಗ ಉದುರುವುದು ಆ ಸಿಪ್ಪೆಯ ಪುಡಿ. ತೂಕಕ್ಕೆ ತೂಕ ಹಿಡಿದರೆ ಕಾಳಿಗಿಂತ ಧೂಳಿನಲ್ಲೇ ವಿಷ ಹೆಚ್ಚು. ಕಾಳನ್ನು ಜನ ತೊಳೆದು ಬೇಯಿಸಿ ಉಣ್ಣುತ್ತಾರೆ, ಧೂಳನ್ನು ನೀನು ಹಾಗೇ ನುಂಗುತ್ತೀ.

ನಾನು ದುಡಿದಷ್ಟು ವರ್ಷವೂ ಮುಖಕ್ಕೆ ಟವೆಲ್ ಕಟ್ಟಿದೆ. ಅದರಿಂದಲೇ ಬೆವರು ಒರೆಸಿದೆ, ಅದನ್ನೇ ಹಾಸಿ ಬುತ್ತಿ ಬಿಚ್ಚಿದೆ, ಸಂಜೆ ಮನೆಗೆ ಬಂದು ಅದರಲ್ಲೇ ಮಗಳ ಮೂಗು ಒರೆಸಿದೆ. ಒಗೆದರೆ ಬಕೆಟ್ಟಿನ ನೀರು ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಒಗೆಯುತ್ತಿದ್ದವಳು ನಿಮ್ಮ ಚಿಗವ್ವ, ಬರಿಗೈಲಿ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಟವೆಲ್ ಸಣ್ಣ ಧೂಳನ್ನು ತಡೆಯುವುದಿಲ್ಲ. ಎನ್‌95 ಮಾಸ್ಕ್ ಕೇಳು, ನಾಚಬೇಡ. ಚೀಲ ಮುಟ್ಟುವ ಮೊದಲು, "ಎಣ್ಣಿ ಯಾವಾಗ ಹೊಡದೀರಿ? ಗುಳಿಗಿ ಇಟ್ಟೀರೇನು?" ಅಂತ ಕೇಳು. ಹುಳ ಸಾಯಲೆಂದು ಇಡುವ 3 ಗ್ರಾಂನ ಆ ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆಯ ವಿಷಗಾಳಿಯನ್ನು ಧೂಳಿನ ಮಾಸ್ಕೂ ತಡೆಯದು, ಅದಕ್ಕೆ ಪ್ರತಿವಿಷವೂ ಇಲ್ಲ. ಹಿರಿಯರು ಕಾಳು ತುಂಬಿಡುವ ನೆಲದೊಳಗಿನ ಹಗೇವಿನ ಬಾಯಿ ತೆರೆದು, ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡಿ ಇಳಿಯುತ್ತಿದ್ದರು. ಇಲ್ಲಿ ದೀಪ ಹಿಡಿಯಬೇಡ, ಈ ಗಾಳಿಗೆ ಬೆಂಕಿ ಹತ್ತುತ್ತದೆ. ಬೆಳ್ಳುಳ್ಳಿಯಂಥ ವಾಸನೆ ಬಂತೋ, ಚೀಲ ಅಲ್ಲೇ ಕೆಡವಿ ಹೊರಗೆ ಬಾ. ವಾಸನೆ ಇಲ್ಲ ಅಂತ ಧೈರ್ಯ ಮಾಡಬೇಡ. ಚೀಲದ ಸಂದಿಯಲ್ಲಿ ಗುಳಿಗೆ ಉಳಿಸಿದ ಬೂದಿಯಂಥ ಪುಡಿ ಕಂಡರೆ ಕೈಯಿಂದ ಬಳಿಯಬೇಡ.

ತಲೆ ಸಿಡಿದು, ಕಣ್ಣು ಮಂಜಾಗಿ, ಬಾಯಲ್ಲಿ ಜೊಲ್ಲು ಸುರಿದು, ಎದೆ ಬಿಗಿದರೆ ಬಿಸಿಲಿಗೆ ಹೀಗಾಗಿದೆ ಅಂತ ನೆರಳಲ್ಲಿ ಮಲಗಬೇಡ. ಜೊತೆಗೊಬ್ಬರನ್ನು ಕರೆದುಕೊಂಡು ರಿಮ್ಸ್ ಆಸ್ಪತ್ರೆಗೆ ಹೋಗು, ಎಣ್ಣೆಯ ಹೆಸರು ಹೇಳು.

ಎರಡು ಟವೆಲ್ ಕಳಿಸಿದ್ದೇನೆ. ಬಿಳಿಯದು ಬೆವರಿಗೆ, ಗೋದಾಮಿನಲ್ಲೇ ಇರಲಿ, ಅಲ್ಲಿಯ ನಳದಲ್ಲಿ ನೀನೇ ಸಾಬೂನು ಹಚ್ಚಿ ಒಗೆ. ಇನ್ನೊಂದರ ಅಂಚಿಗೆ ಚಿಗವ್ವ ಕೆಂಪು ದಾರ ಹಾಕಿದ್ದಾಳೆ. ಅದು ಮನೆಯದು.