ಮರುಭೂಮಿಯ ಅಂಗಳಕ್ಕೆ ಜಲ್ಲಿ: ಆಯ್ಕೆ ಮತ್ತು ಅಂದಾಜು

ಉದ್ದವನ್ನು ಅಗಲದಿಂದ ಗುಣಿಸಿದರೆ ಕ್ಷೇತ್ರಫಲ. ಅದನ್ನು ದಪ್ಪದಿಂದ ಗುಣಿಸಿದರೆ ಘನಫಲ. ಈ ಸೂತ್ರವನ್ನು ನಮ್ಮ ಏಳನೆಯ ಇಯತ್ತೆಯ ಮಕ್ಕಳೆಲ್ಲರೂ ಬಾಯಿಪಾಠವಾಗಿ ಒಪ್ಪಿಸಬಲ್ಲರು. ಆದರೆ ಪರೀಕ್ಷೆಯ ಕಾಗದವನ್ನು ದಾಟಿದ ಮೇಲೆ ಈ ಲೆಕ್ಕಕ್ಕೆ ಏನು ಕೆಲಸವೆಂದು ಕೇಳಿದರೆ ತರಗತಿ ಮೌನವಾಗುತ್ತದೆ. ಆದುದರಿಂದ ಈ ಪಾಠದಲ್ಲಿ ದೂರದ ದೇಶವೊಂದರ ಉದಾಹರಣೆಯನ್ನು ತೆಗೆದುಕೊಳ್ಳೋಣ. ಅಮೆರಿಕದ ನೈಋತ್ಯ ಭಾಗದಲ್ಲಿರುವ ಫೀನಿಕ್ಸ್, ಟೂಸಾನ್, ಲಾಸ್ ವೇಗಾಸ್ ಮುಂತಾದ ಮರುಭೂಮಿಯ ನಗರಗಳಲ್ಲಿ ಮನೆಯಂಗಳಕ್ಕೆ ಜಲ್ಲಿ ಹಾಸುವ ಪದ್ಧತಿಯುಂಟು. ಯಾವ ಜಲ್ಲಿ, ಎಷ್ಟು ಜಲ್ಲಿ ಎಂಬ ಎರಡು ಪ್ರಶ್ನೆಗಳಿಗೆ ಸರಿಯಾದ ಉತ್ತರ ದೊರೆತರೆ ಅಲ್ಲಿ ನೀರು ಉಳಿಯುತ್ತದೆ, ಹಣ ಉಳಿಯುತ್ತದೆ, ದುಡಿಯುವವರ ಬೆವರೂ ಉಳಿಯುತ್ತದೆ.

ಜಲ್ಲಿ ಏಕೆ?

ಮುಂಬಯಿಯಲ್ಲಿ ವರ್ಷಕ್ಕೆ ಎರಡು ಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಫೀನಿಕ್ಸಿನಲ್ಲಿ ಬೀಳುವುದು ಸುಮಾರು 18 ಸೆಂಟಿಮೀಟರು. ಲಾಸ್ ವೇಗಾಸಿನಲ್ಲಿ ಅದಕ್ಕಿಂತಲೂ ಕಡಿಮೆ. 2023ರ ಬೇಸಗೆಯಲ್ಲಿ ಫೀನಿಕ್ಸಿನ ಉಷ್ಣತೆಯು ಸತತವಾಗಿ 31 ದಿನಗಳ ಕಾಲ ಪ್ರತಿದಿನವೂ 43 ಡಿಗ್ರಿ ಸೆಲ್ಸಿಯಸ್ಸನ್ನು ದಾಟಿತು. ಇಂತಹ ಊರುಗಳಲ್ಲಿ ಹಿಂದೆ ಜನರು ಹಸುರು ಹುಲ್ಲಿನ ಹಾಸನ್ನೇ ಬೆಳೆಸುತ್ತಿದ್ದರು. ಅದಕ್ಕೆ ಬೇಕಾದ ನೀರಿನಲ್ಲಿ ಬಹುಪಾಲು ಬರುತ್ತಿದ್ದುದು ದೂರದ ನದಿಗಳಿಂದ. ಆ ಪೈಕಿ ಕೊಲರಾಡೋ ನದಿಯು ಏಳು ರಾಜ್ಯಗಳಿಗೂ ಮೆಕ್ಸಿಕೋ ದೇಶಕ್ಕೂ ನೀರುಣಿಸಿ ಬಡವಾಗಿದೆ. ಡೆನ್ವರ್ ನಗರದ ನೀರು ಸರಬರಾಜು ಇಲಾಖೆಯವರು 1981ರಲ್ಲಿ ಕಡಿಮೆ ನೀರಿನ ತೋಟಗಾರಿಕೆಗೆ ‘ಜೆರಿಸ್ಕೇಪ್’ ಎಂಬ ಹೊಸ ಹೆಸರನ್ನು ಕೊಟ್ಟರು. ಗ್ರೀಕ್ ಭಾಷೆಯಲ್ಲಿ ‘ಜೆರೋಸ್’ ಎಂದರೆ ಒಣಗಿದ್ದು. ನೆವಾಡಾ ರಾಜ್ಯವು 2021ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಲಾಸ್ ವೇಗಾಸ್ ಸೀಮೆಯಲ್ಲಿ ರಸ್ತೆಯ ಬದಿಗೂ ಕಚೇರಿಗಳ ಮುಂದೆಯೂ ಬರಿಯ ಅಲಂಕಾರಕ್ಕೆಂದು ಬೆಳೆಸಿದ ಹುಲ್ಲಿಗೆ ಕೊಲರಾಡೋ ನೀರನ್ನು ಹಾಯಿಸುವುದಕ್ಕೆ 2026ರ ಕೊನೆಯನ್ನೇ ಗಡುವಾಗಿ ಅಲ್ಲಿಯ ಕಾನೂನು ವಿಧಿಸಿತು. ಹುಲ್ಲು ಹೋದ ಮೇಲೆ ಬರಿಯ ಮಣ್ಣು ಉಳಿದರೆ ಗಾಳಿಗೆ ಧೂಳೇಳುತ್ತದೆ, ಮಳೆಗೆ ಕೊಚ್ಚಿಹೋಗುತ್ತದೆ. ಆಗ ಮಣ್ಣಿಗೆ ಹೊದಿಕೆಯಾಗಿ ಬರುವುದು ಜಲ್ಲಿ.

ಈ ಉಪಾಯವನ್ನು ಮನುಷ್ಯನಿಗೆ ಕಲಿಸಿದ್ದು ಮರುಭೂಮಿಯೇ. ಅನೇಕ ಮರುಭೂಮಿಗಳಲ್ಲಿ ಸಣ್ಣ ಕಲ್ಲುಗಳು ಒಂದರ ಪಕ್ಕದಲ್ಲೊಂದು ಒತ್ತಾಗಿ ಕುಳಿತು, ಹಾಸುಗಲ್ಲಿನ ನೆಲದಂತೆ ಕಾಣುವ ಬಯಲುಗಳಿವೆ. ಗಾಳಿ ತಂದ ನುಣ್ಣನೆಯ ಧೂಳು ಕಲ್ಲುಗಳ ಸಂದಿಯಿಂದ ಕೆಳಗಿಳಿದು ನಿಲ್ಲುತ್ತದೆ, ಕಲ್ಲು ಮೇಲೆಯೇ ಉಳಿಯುತ್ತದೆ. ಆ ಹೊದಿಕೆಯನ್ನು ಕೆದಕಿದರೆ ಅಡಿಯ ಧೂಳು ಮತ್ತೆ ಗಾಳಿಯ ಪಾಲಾಗುತ್ತದೆ. ನಮ್ಮ ನಾಡಿನವರೂ ಈ ವಿದ್ಯೆಯನ್ನು ಅರಿಯದವರಲ್ಲ. ಕೊಪ್ಪಳ, ಗದಗ ಜಿಲ್ಲೆಗಳ ರೈತರು ಹಳ್ಳದ ಹರಳುಮಿಶ್ರಿತ ಮರಳನ್ನು ತಂದು ಎರೆಹೊಲದ ಮೇಲೆ ಹರಡಿ, ಅಡಿಯ ತೇವವನ್ನು ಬಿಸಿಲಿನಿಂದ ಕಾಪಾಡಿಕೊಂಡು ಬೆಳೆ ತೆಗೆಯುವುದುಂಟು. ನಿಮ್ಮಲ್ಲಿ ಆ ಸೀಮೆಯಿಂದ ಬಂದವರಿದ್ದರೆ ಮನೆಯ ಹಿರಿಯರನ್ನು ಕೇಳಿ ನೋಡಿರಿ.

ಆಯ್ಕೆ

ಜಲ್ಲಿಯನ್ನು ಆರಿಸುವಾಗ ಗಾತ್ರ, ಆಕಾರ, ಬಣ್ಣ ಎಂಬ ಮೂರು ಗುಣಗಳನ್ನು ನೋಡಬೇಕು.

ಮೊದಲನೆಯದು ಗಾತ್ರ. ಜಲ್ಲಿಯ ಗಾತ್ರವನ್ನು ನಿರ್ಧರಿಸುವುದು ಜರಡಿ. ಜರಡಿಯ ಕಣ್ಣು ಕಾಲು ಅಂಗುಲವಿದ್ದು, ಅದರಿಂದ ಕೆಳಗಿಳಿದುದೆಲ್ಲವನ್ನೂ ಪುಡಿಸಹಿತವಾಗಿ ತೆಗೆದುಕೊಂಡರೆ ಅದೊಂದು ಬಗೆ. ಪುಡಿಯನ್ನು ಬೇರ್ಪಡಿಸಿ, ಅರ್ಧ ಅಂಗುಲದ ಅಥವಾ ಮುಕ್ಕಾಲು ಅಂಗುಲದ ಕಲ್ಲನ್ನು ಮಾತ್ರ ಇರಿಸಿಕೊಂಡರೆ ಅದು ಇನ್ನೊಂದು ಬಗೆ. ಪುಡಿಯಿರುವ ಜಲ್ಲಿಗೆ ನೀರು ಚಿಮುಕಿಸಿ ಒತ್ತಿದರೆ ಗಟ್ಟಿಯಾಗಿ ಕೂರುತ್ತದೆ. ಕಾಲುದಾರಿಗೆ ಇದೇ ಯೋಗ್ಯ. ಅರಿಜೋನಾದಲ್ಲಿ ಇದಕ್ಕೆ ಹೆಚ್ಚಾಗಿ ಬಳಸುವುದು, ಬಿಸಿಲು ಮಳೆಗಳಿಂದ ತಾನಾಗಿ ಶಿಥಿಲಗೊಂಡು ಉದುರಿದ ಗ್ರಾನೈಟಿನ ಹರಳು. ಮಳೆಯ ನೀರು ಒಡನೆ ಇಳಿದುಹೋಗಬೇಕಾದ ಕಡೆಗೆ ಪುಡಿಯಿಲ್ಲದ ಜಲ್ಲಿಯೇ ಬೇಕು.

ಎರಡನೆಯದು ಆಕಾರ. ಒಡೆದ ಜಲ್ಲಿಗೆ ಮೂಲೆಗಳಿರುತ್ತವೆ. ಅವು ಒಂದನ್ನೊಂದು ಹಿಡಿದುಕೊಂಡು ನಿಲ್ಲುತ್ತವೆ. ಹೊಳೆಯಲ್ಲಿ ಉರುಳಿ ನುಣುಪಾದ ಗುಂಡುಕಲ್ಲು ಜಾರುತ್ತದೆ. ಆದುದರಿಂದ ಇಳಿಜಾರಿಗೂ ನಡೆದಾಡುವ ಜಾಗಕ್ಕೂ ಮೂಲೆಯುಳ್ಳ ಕಲ್ಲು; ಮಳೆಗಾಲದಲ್ಲಷ್ಟೇ ಹರಿಯುವ ಕಿರುಗಾಲುವೆಯ ಪಾತ್ರಕ್ಕೆ ದೊಡ್ಡ ಗುಂಡುಕಲ್ಲು. ಆದರೆ ಹೊಳೆಯ ಕಲ್ಲನ್ನು ಬಯಸುವಾಗ ಅದನ್ನು ಎಲ್ಲಿಂದ ಅಗೆದು ತರುತ್ತಾರೆಂಬುದನ್ನು ವಿಚಾರಿಸಬೇಕು. ನಮ್ಮ ಅಂಗಳವನ್ನು ಸಿಂಗರಿಸುವುದಕ್ಕಾಗಿ ಇನ್ನೊಂದು ಊರಿನ ಹೊಳೆಯ ಒಡಲನ್ನು ಬರಿದು ಮಾಡುವುದು ನೀರಿನ ಉಳಿತಾಯವಾಗದು.

ಮೂರನೆಯದು ಬಣ್ಣ. ಅಚ್ಚ ಬಿಳಿಯ ಕಲ್ಲು ಬಿಸಿಲನ್ನು ಕಣ್ಣಿಗೂ ಕಿಟಕಿಗೂ ಹಿಂತಿರುಗಿಸುತ್ತದೆ. ಕಪ್ಪು ಕಲ್ಲು ಬಿಸಿಲನ್ನು ಹೀರಿ ಸಂಜೆಯ ತನಕ ಕಾವನ್ನು ಬಿಡುತ್ತಿರುತ್ತದೆ. ಆ ಊರಿನ ಮಣ್ಣಿಗೆ ಹೊಂದುವ ಮಾಸಲು ಕಂದು ಬಣ್ಣವೇ ಮೇಲು. ಅದರ ಮೇಲೆ ಧೂಳು ಕುಳಿತರೂ ಕಾಣದು. ಯಾವ ಬಣ್ಣವಾದರೂ ನೆರಳಿಲ್ಲದ ಜಲ್ಲಿ ಕಾದ ಹಂಚಿನಂತೆ. ಆದುದರಿಂದ ಜಲ್ಲಿಯ ನಡುವೆ ಮರ ಇರಲೇಬೇಕು. ಅಲ್ಲಿಯವರು ಹಸುರು ಕಾಂಡದ ಪಾಲೋ ವರ್ದೆಯನ್ನೂ, ನಮ್ಮ ಬಳ್ಳಾರಿ ಜಾಲಿಗೆ ಹತ್ತಿರದ ಸಂಬಂಧಿಯಾದ ಮೆಸ್ಕೀಟನ್ನೂ ನೆಡುತ್ತಾರೆ. ಮರದ ಬುಡಕ್ಕೆ ಮಾತ್ರ ಜಲ್ಲಿಯನ್ನು ಒತ್ತಬಾರದು; ಸುತ್ತಲೂ ಒಂದಿಷ್ಟು ಜಾಗ ಬಿಡಬೇಕು.

ಅಂದಾಜು

ಈಗ ಲೆಕ್ಕಕ್ಕೆ ಬರೋಣ. ಫೀನಿಕ್ಸಿನ ಒಂದು ಮನೆಯ ಮುಂದಿನ ಅಂಗಳವು 12 ಮೀಟರು ಉದ್ದ, 7 ಮೀಟರು ಅಗಲವಿದೆಯೆಂದು ಭಾವಿಸಿರಿ. ಅದರ ಅಗಲದ ಉದ್ದಕ್ಕೂ 1.2 ಮೀಟರಿನ ಕಲ್ಲುಹಾಸಿನ ದಾರಿಯಿದೆ. ಎರಡು ಮರಗಳ ಸುತ್ತ 1 ಮೀಟರು ತ್ರಿಜ್ಯದ ವೃತ್ತಗಳನ್ನು ಬಿಡಬೇಕಾಗಿದೆ.

ಇಡೀ ಅಂಗಳ: 12 × 7 = 84 ಚದರ ಮೀಟರು.
ದಾರಿ: 7 × 1.2 = 8.4 ಚದರ ಮೀಟರು.
ಎರಡು ವೃತ್ತಗಳು: 2 × 3.14 × 1 × 1 = 6.28 ಚದರ ಮೀಟರು.
ಜಲ್ಲಿ ಹಾಸುವ ಜಾಗ: 84 − 8.4 − 6.28 = 69.32 ಚದರ ಮೀಟರು.

ದಪ್ಪವೆಷ್ಟು? ಕಲ್ಲಿನ ಗಾತ್ರದ ಎರಡರಷ್ಟಾದರೂ ದಪ್ಪವಿರಬೇಕು. ಇಲ್ಲವಾದರೆ ಸಂದಿಗಳಲ್ಲಿ ಮಣ್ಣು ಕಾಣುತ್ತದೆ. ಮುಕ್ಕಾಲು ಅಂಗುಲದ ಕಲ್ಲಿಗೆ 5 ಸೆಂಟಿಮೀಟರು, ಎಂದರೆ 0.05 ಮೀಟರು, ಸಾಕು.

ಘನಫಲ: 69.32 × 0.05 = 3.47 ಘನ ಮೀಟರು.
ನೆಲದ ತಗ್ಗುದಿಣ್ಣೆಗಳಿಗೂ ಚೆಲ್ಲಿಹೋಗುವುದಕ್ಕೂ ಹತ್ತನೆಯ ಒಂದು ಪಾಲನ್ನು ಕೂಡಿಸಿದರೆ ಸುಮಾರು 3.81 ಘನ ಮೀಟರು.

ಅಮೆರಿಕದಲ್ಲಿ ಜಲ್ಲಿಯನ್ನು ಘನ ಗಜದಲ್ಲಿ ಅಳೆಯುತ್ತಾರೆ. ಒಂದು ಘನ ಗಜವೆಂದರೆ 27 ಘನ ಅಡಿ, ಅಥವಾ 0.765 ಘನ ಮೀಟರು. ಹಾಗಾದರೆ ನಮಗೆ ಬೇಕಾದುದು 5 ಘನ ಗಜ. ಮುಂಬಯಿ, ಪುಣೆಗಳಲ್ಲಿ ಇದೇ ಲೆಕ್ಕವನ್ನು ಬ್ರಾಸಿನಲ್ಲಿ ಹೇಳುತ್ತಾರೆ. 100 ಘನ ಅಡಿಗೆ ಒಂದು ಬ್ರಾಸ್, ಅದು 2.83 ಘನ ಮೀಟರಿಗೆ ಸಮ. ನಮ್ಮ ಅಂಗಳಕ್ಕೆ ಬೇಕಾದುದು ಸುಮಾರು ಒಂದೂಕಾಲು ಬ್ರಾಸಿಗಿಂತ ತುಸು ಹೆಚ್ಚು. ಕಟ್ಟಡದ ಕೆಲಸಕ್ಕೆ ಹೋಗುವ ಪಾಲಕರ ಮಕ್ಕಳಿಗೆ ಈ ಮಾತು ಹೊಸದಲ್ಲ.

ಕೆಲವರು ಜಲ್ಲಿಯನ್ನು ತೂಕದಿಂದ ಮಾರುತ್ತಾರೆ. ಆಗ ಘನಫಲವನ್ನು ತೂಕಕ್ಕೆ ತಿರುಗಿಸಬೇಕು. ಸಡಿಲವಾಗಿ ಸುರಿದ ಒಣ ಜಲ್ಲಿಯು ಒಂದು ಘನ ಮೀಟರಿಗೆ ಸುಮಾರು ಒಂದೂವರೆ ಟನ್ ತೂಗುತ್ತದೆ. ಅಂದರೆ 3.81 × 1.5 = 5.7 ಟನ್. ಒದ್ದೆ ಜಲ್ಲಿಯನ್ನು ತೂಕದಿಂದ ಕೊಂಡರೆ ನೀರಿಗೂ ಹಣ ಕೊಟ್ಟಂತಾಗುತ್ತದೆಂಬುದನ್ನು ಮರೆಯಬಾರದು.

ತಪ್ಪಿದರೆ ಏನು?

ದಪ್ಪವನ್ನು 5 ಸೆಂಟಿಮೀಟರಿಗೆ ಬದಲಾಗಿ 7.5 ಎಂದು ಹಿಡಿದರೆಂದುಕೊಳ್ಳಿ. ಎರಡೂವರೆ ಸೆಂಟಿಮೀಟರೆಂದರೆ ಬೆರಳಿನ ಒಂದು ಗೆಣ್ಣು. ಆದರೆ ಜಲ್ಲಿಯು ಒಂದೂವರೆ ಪಟ್ಟಾಗುತ್ತದೆ. ಒಂದು ಕೈಗಾಡಿಯಲ್ಲಿ 60 ಲೀಟರು ಹಿಡಿಸುವುದಾದರೆ ಮೊದಲ ಅಂದಾಜಿಗೆ 64 ಸಲ ತಳ್ಳಬೇಕು; ಎರಡನೆಯದಕ್ಕೆ 96 ಸಲ. ಆ 32 ಸಲವನ್ನು 43 ಡಿಗ್ರಿ ಬಿಸಿಲಿನಲ್ಲಿ ತಳ್ಳುವವನು ಕೂಲಿಕಾರ. ಲೆಕ್ಕ ಬರೆದವನು ಅಷ್ಟು ಹೊತ್ತು ನೆರಳಿನಲ್ಲಿರುತ್ತಾನೆ. ಅಂದಾಜು ಕಡಿಮೆಯಾದರೂ ಕಷ್ಟವೇ: ಎರಡನೆಯ ಸಲ ತರಿಸಿದ ಜಲ್ಲಿಯ ಬಣ್ಣ ಮೊದಲಿನದಕ್ಕೆ ಹೊಂದದೆ ಅಂಗಳಕ್ಕೆ ತೇಪೆ ಹಾಕಿದಂತೆ ಕಾಣಬಹುದು. ವಿದ್ಯಾರ್ಥಿಗಳೇ, ದಶಾಂಶದ ಬಿಂದುವನ್ನು ಸರಿಯಾದ ಸ್ಥಾನದಲ್ಲಿ ಇಡಿರೆಂದು ನಾವು ದಿನವೂ ಹೇಳುವುದು ಅಂಕಗಳಿಗಾಗಿ ಮಾತ್ರವಲ್ಲ. ನಾಳೆ ನಿಮ್ಮಲ್ಲಿ ಕೆಲವರು ಲೆಕ್ಕ ಬರೆಯುವವರಾಗುವಿರಿ, ಕೆಲವರು ಹೊರುವವರಾಗುವಿರಿ. ಬರೆಯುವವನ ಕೈಯಲ್ಲಿ ಹೊರುವವನ ಬೆನ್ನು ಇದೆ.

ಅಭ್ಯಾಸ

1. ಹತ್ತು ಲೀಟರಿನ ಬಾಲ್ದಿಯೊಂದನ್ನು ಒಣ ಜಲ್ಲಿಯಿಂದ ತುಂಬಿ ತೂಗಿರಿ. ಬಾಲ್ದಿಯ ತೂಕವನ್ನು ಕಳೆಯಿರಿ. ಜಲ್ಲಿ 15 ಕಿಲೋ ತೂಗಿದರೆ ಘನ ಮೀಟರಿಗೆ ಎಷ್ಟು ಟನ್ನಾಯಿತು? ಮೇಲಿನ ಪಾಠದೊಡನೆ ತಾಳೆ ನೋಡಿರಿ.

2. ಅದೇ ಬಾಲ್ದಿಗೆ ಅಂಚಿನವರೆಗೆ ನೀರನ್ನು ಅಳೆದು ಹಾಕಿರಿ. ಒಂದೇ ಗಾತ್ರದ ಜಲ್ಲಿಯಾದರೆ ಸುಮಾರು ನಾಲ್ಕು ಲೀಟರು ಹಿಡಿಸುತ್ತದೆ. ಹಾಗಾದರೆ 5 ಸೆಂಟಿಮೀಟರು ದಪ್ಪದ ಜಲ್ಲಿಯ ಸಂದಿಗಳಲ್ಲಿ ಎಷ್ಟು ಸೆಂಟಿಮೀಟರು ಮಳೆ ನಿಲ್ಲಬಲ್ಲುದು? ಫೀನಿಕ್ಸಿನ ವರ್ಷದ ಮಳೆಯಲ್ಲಿ ಅದು ಎಷ್ಟನೆಯ ಪಾಲು?

3. ಕಾಲುದಾರಿಯೊಂದು 15 ಮೀಟರು ಉದ್ದ, 1.2 ಮೀಟರು ಅಗಲವಿದೆ. ಒತ್ತಿದ ಮೇಲೆ ಜಲ್ಲಿಯ ದಪ್ಪ 6 ಸೆಂಟಿಮೀಟರು ಉಳಿಯಬೇಕು. ಒತ್ತಿದಾಗ ಐದನೆಯ ಒಂದು ಪಾಲು ಕುಗ್ಗುವುದಾದರೆ ಎಷ್ಟು ದಪ್ಪಕ್ಕೆ ಸುರಿಯಬೇಕು? ಒಟ್ಟು ಎಷ್ಟು ಘನ ಮೀಟರು ಬೇಕು?

4. ನಮ್ಮ ಶಾಲೆಯ ಸುತ್ತಮುತ್ತ ಎಲ್ಲಿಯಾದರೂ ಜಲ್ಲಿಯ ರಾಶಿಯಿದ್ದರೆ, ಅದನ್ನು ಇಳಿಸಿದವರನ್ನು ಎಷ್ಟು ಬ್ರಾಸೆಂದು ಕೇಳಿರಿ. ಅವರು ಯಾವ ಊರಿನವರೆಂಬುದನ್ನೂ ಕೇಳಿರಿ.

ಉತ್ತರಗಳು: (1) 1.5 ಟನ್. (2) 2 ಸೆಂಟಿಮೀಟರು. ಒಂಬತ್ತನೆಯ ಒಂದು ಪಾಲು. (3) 7.5 ಸೆಂಟಿಮೀಟರು; 1.35 ಘನ ಮೀಟರು. ನಾಲ್ಕನೆಯ ಪ್ರಶ್ನೆಯ ಉತ್ತರವನ್ನು ನೀವೇ ತಂದು ತರಗತಿಯಲ್ಲಿ ಹೇಳತಕ್ಕದ್ದು.